ಪ್ರಶ್ನಿಸುವುದನ್ನು ನರ್ಸಿಂಗ್ ತರಗತಿಯಲ್ಲಿ ಕಲಿಸಬಹುದೇ?

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ ನರ್ಸಿಂಗ್ ಕಾಲೇಜಿನಲ್ಲಿ ಬೋಧಕಿ. ಹೆರಿಗೆ ವಾರ್ಡಿನ ಪೋಸ್ಟಿಂಗ್ ಮುಗಿಸಿ ಬಂದ ವಿದ್ಯಾರ್ಥಿನಿಯರು, ನೋವು ತಾಳಲಾರದೆ ಕೂಗುತ್ತಿದ್ದ ಬಡ ಹೆಂಗಸನ್ನು ಹಿರಿಯ ಸಿಬ್ಬಂದಿ ಗದರಿಸಿದ್ದನ್ನು ಹೇಳಿ, ‘ಮೇಡಂ, ನಾವು ಏನು ಮಾಡಬೇಕಿತ್ತು?’ ಎಂದು ಕೇಳಿದರು. ಪ್ರಶ್ನಿಸಿ ಎಂದರೆ ಅವರ ಆಂತರಿಕ ಅಂಕಗಳಿಗೆ ಕುತ್ತು. ಸುಮ್ಮನಿರಿ ಎನ್ನಲು ನನಗೆ ಮನಸ್ಸಿಲ್ಲ. ಇದನ್ನು ಪಾಠವಾಗಿ ಕಲಿಸಲು ಸಾಧ್ಯವೇ?
– ಹೆಸರು ಬೇಡವೆಂದಿರುವ ಓದುಗರು

ಉತ್ತರ: ಖಂಡಿತ ಸಾಧ್ಯ. ಆದರೆ ‘ಧೈರ್ಯವಾಗಿರಿ’ ಎಂಬ ಉಪದೇಶದಿಂದ ಅದು ಆಗುವುದಿಲ್ಲ. 1966ರಲ್ಲಿ ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಪರಿಚಿತ ‘ಡಾಕ್ಟರ್’ ಒಬ್ಬರು ವಾರ್ಡಿಗೆ ಫೋನ್ ಮಾಡಿ, ದಿನಕ್ಕೆ 10 ಮಿಲಿಗ್ರಾಂ ಮೀರಬಾರದೆಂದು ಡಬ್ಬಿಯ ಮೇಲೆಯೇ ಬರೆದಿದ್ದ ಔಷಧವನ್ನು 20 ಮಿಲಿಗ್ರಾಂ ಕೊಡಲು ಹೇಳಿದಾಗ, 22 ನರ್ಸ್‌ಗಳಲ್ಲಿ 21 ಮಂದಿ ಕೊಡಲು ಸಿದ್ಧರಾದರು. (ಅವರಿಗೆ ತಿಳಿಸದೆಯೇ ಹೀಗೆ ಪರೀಕ್ಷಿಸಿದ್ದು ಸರಿಯೇ ಎಂಬುದನ್ನೂ ತರಗತಿಯಲ್ಲಿ ಚರ್ಚಿಸಬೇಕು.) 1977ರಲ್ಲಿ ಬೇರೆ ಸಂಶೋಧಕರು ನರ್ಸ್‌ಗಳಿಗೆ ಚೆನ್ನಾಗಿ ಗೊತ್ತಿದ್ದ ವ್ಯಾಲಿಯಂ ಬಳಸಿ, ಸಹೋದ್ಯೋಗಿಗಳೊಡನೆ ಮಾತಾಡಲು ಅವಕಾಶವಿಟ್ಟು ಇದೇ ಪರೀಕ್ಷೆ ನಡೆಸಿದಾಗ, 18 ಮಂದಿಯಲ್ಲಿ ಆದೇಶ ಪಾಲಿಸಲು ಹೊರಟವರು ಇಬ್ಬರೇ. ಔಷಧದ ಬಗೆಗಿನ ಅರಿವು ಮತ್ತು ಪಕ್ಕದಲ್ಲಿ ಕೇಳಲೊಬ್ಬರು, ಈ ಎರಡನ್ನೂ ಒದಗಿಸುವುದು ಬೋಧಕರ ಕೈಯಲ್ಲಿದೆ.

ನಿಮ್ಮ ವಿದ್ಯಾರ್ಥಿನಿಯರು ಕಂಡದ್ದು ಔಷಧಕ್ಕಿಂತ ಸೂಕ್ಷ್ಮವಾದ ಸಂಗತಿ. ಡಾಕ್ಟರ ಮುಂದೆ ಮಾತೆತ್ತಲಾಗದ ನರ್ಸ್, ಮಂಚದ ಮೇಲಿರುವ ಕೂಲಿಕಾರ ಹೆಂಗಸಿನ ಮುಂದೆ ಸ್ವತಃ ಅಧಿಕಾರಸ್ಥಳು. ಈ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸದ ಪಾಠ ನನ್ನ ದೃಷ್ಟಿಯಲ್ಲಿ ಅಪೂರ್ಣ. ಬಿ.ಎಸ್ಸಿ. ನರ್ಸಿಂಗಿನ ಈಗಿನ ಪಠ್ಯಕ್ರಮದಲ್ಲಿ ಮೊದಲ ಸೆಮಿಸ್ಟರಿನಲ್ಲೇ ಸಮಾಜಶಾಸ್ತ್ರವಿದೆ. ಜಾತಿ, ವರ್ಗ, ಕುಟುಂಬಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸುವ ಬದಲು, ವಾರ್ಡಿನಲ್ಲಿ ಯಾರನ್ನು ‘ನೀನು’ ಎನ್ನುತ್ತಾರೆ, ಯಾರನ್ನು ‘ನೀವು’ ಎನ್ನುತ್ತಾರೆ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಗಂಡನ ಸಹಿ ಸಿಕ್ಕ ಮೇಲೆ ಹೆಂಡತಿಯನ್ನು ಯಾರಾದರೂ ಕೇಳಿದರೇ ಎಂದು ಗಮನಿಸಿ ಬರೆಯಲು ಹೇಳಿ. ಪ್ರತಿ ಪೋಸ್ಟಿಂಗಿನ ನಂತರ ಆ ಬರಹಗಳನ್ನು, ರೋಗಿಗಳ ಹಾಗೂ ಸಿಬ್ಬಂದಿಯ ಹೆಸರಿಲ್ಲದೆ, ಒಟ್ಟಾಗಿ ಚರ್ಚಿಸಿ.

ಬಹುಕಾಲದ ರೂಢಿ ಎಂಬ ಕಾರಣಕ್ಕೆ ಯಾವುದೂ ಸರಿಯಾಗುವುದಿಲ್ಲ ಎನ್ನಲು ನಮ್ಮಲ್ಲೇ ಉದಾಹರಣೆಯಿದೆ. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿ, ವೈದ್ಯಕೀಯ ಪಠ್ಯವನ್ನು ಪರಿಶೀಲಿಸಲು ಸೂಚಿಸಿತು. ಹೆರಿಗೆ ಕೊಠಡಿಯ ವಿಷಯದಲ್ಲಂತೂ ನೀವು ಒಂಟಿಯಲ್ಲ: ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಗೌರವಯುತ ಆರೈಕೆಯನ್ನೂ ಹೆರಿಗೆಯ ವೇಳೆ ಜೊತೆಗೊಬ್ಬ ಆಪ್ತರಿರುವುದನ್ನೂ ಗುಣಮಟ್ಟದ ಭಾಗವಾಗಿಯೇ ಕಾಣುತ್ತದೆ.

ಅಂಕಗಳ ಕುರಿತ ನಿಮ್ಮ ಆತಂಕ ನ್ಯಾಯವಾದದ್ದು. ಎರಡನೇ ವರ್ಷದ ಹುಡುಗಿಯೊಬ್ಬಳು ಹಿರಿಯರನ್ನು ವಾರ್ಡಿನಲ್ಲೇ ಎದುರಿಸಬೇಕೆಂದು ನಿರೀಕ್ಷಿಸುವುದು ತಪ್ಪು. ಆ ಹೊತ್ತಿನಲ್ಲಿ ಅವಳು ಹೆಂಗಸಿನ ಕೈ ಹಿಡಿದು ನಿಲ್ಲಬಹುದು, ‘ನೀರು ಬೇಕಾ ಅಕ್ಕಾ?’ ಎಂದು ಕೇಳಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ದೂರನ್ನು ಮಾತ್ರ ನೀವೇ, ಲಿಖಿತವಾಗಿ, ವಿದ್ಯಾರ್ಥಿನಿಯರ ಹೆಸರು ಬರದಂತೆ, ಪ್ರಾಂಶುಪಾಲರ ಮೂಲಕ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ತಲುಪಿಸಿ, ಉತ್ತರ ಬರುವವರೆಗೂ ವಿಚಾರಿಸುತ್ತಿರಿ.