ಅಟ್ಟದ ಮರ ಕಪ್ಪಾಗಿದ್ದರೆ ಮನೆಗೆ ಬೆಂಕಿ ಬಿದ್ದಿತ್ತು ಅಂತಲ್ಲ

ಇಂಗ್ಲೆಂಡಿನ ಕೆಂಟ್‌ನಲ್ಲಿ ನೀವು ಬಾಡಿಗೆಗಿರುವ ಹಳೇ ರೈತಮನೆಯ ಅಟ್ಟದಲ್ಲಿ ಮರಗಳೆಲ್ಲ ಕಪ್ಪಾಗಿವೆ, ಹಿಂದೆ ಬೆಂಕಿ ಬಿದ್ದಿತ್ತೇ ಎಂದು ಕೇಳಿದ್ದೀರಿ. ಮರ ಸುಟ್ಟು ಇದ್ದಿಲಾಗಿಲ್ಲ, ಬರೀ ಮಸಿ ಹಿಡಿದಿದೆ ಅಂದರೆ ಅದು ಬಹುಶಃ ಒಲೆಯ ಹೊಗೆ.

ಮಧ್ಯಯುಗದಲ್ಲಿ ಅಂಥ ಮನೆಗಳ ಹಜಾರಕ್ಕೆ ಮಹಡಿಯೂ ಇರಲಿಲ್ಲ, ಚಿಮಣಿಯೂ ಇರಲಿಲ್ಲ. ನೆಲದ ಮಧ್ಯೆ ಬೆಂಕಿ, ಹೊಗೆ ನೇರ ಸೂರಿಗೆ. 16ನೇ ಶತಮಾನದಿಂದ ಎಷ್ಟೋ ಮನೆಗಳಿಗೆ ಇಟ್ಟಿಗೆಯ ಚಿಮಣಿ ಬಂತು. ಹೊಗೆಗೆ ಬೇರೆ ದಾರಿ ಸಿಕ್ಕ ಮೇಲೆ ಹಜಾರದ ಮೇಲೊಂದು ಅಂತಸ್ತು ಹಾಕಿಕೊಂಡರು. ನೀವು ಮಲಗುವ ಕೋಣೆ ಆಗ ಹುಟ್ಟಿದ್ದೇ ಇರಬಹುದು!

ಮೂಲ ರೂಪ ನೋಡಬೇಕಾದರೆ ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಮ್ಯೂಸಿಯಂಗೆ ಹೋಗಿ; ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅಲ್ಲಿನ ಬೇಲೀಫ್ ಮನೆಯೂ ಕೆಂಟ್‌ನದೇ. ಹಜಾರ 15ನೇ ಶತಮಾನದ ಆರಂಭದ್ದು, ಒಂದು ತುದಿಯನ್ನು 16ನೇ ಶತಮಾನದ ಆರಂಭದಲ್ಲಿ ಸೇರಿಸಿದ್ದು. ಜಲಾಶಯ ಬರುತ್ತದೆಂದು 1960ರ ದಶಕದ ಕೊನೆಗೆ ಬಿಚ್ಚಿ ತಂದರು. ಮತ್ತೆ ನಿಲ್ಲಿಸುವಾಗ ಆಮೇಲೆ ಸೇರಿಸಿದ್ದ ಚಿಮಣಿಯನ್ನು ಮತ್ತೆ ಕಟ್ಟಲೇ ಇಲ್ಲ. ನನಗಂತೂ ಅದು ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಬದಲಾವಣೆಯೂ ಮನೆಯ ಕತೆಯೇ ಅಲ್ವಾ?

ಆ ಮಸಿಯನ್ನು ಮಾತ್ರ ಉಜ್ಜಿ ತೆಗೆಯಬೇಡಿ. ಲಿಸ್ಟೆಡ್ ಕಟ್ಟಡವಾಗಿದ್ದರೆ (ಅಂದರೆ ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ) ಅಂಥ ಕೆಲಸಕ್ಕೂ ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆ ಬೇಕಾಗಬಹುದು.