ಮೊಸರಿನ ಬ್ಯಾಕ್ಟೀರಿಯಾದಿಂದ ಮಲೇರಿಯಾ ಲಸಿಕೆ: ಕುಡಿದರೆ ಸಾಕಾ?

ನೀವು ಕೇಳಿರೋದು ಎರಡು. ಮೊಸರಿನ ಬ್ಯಾಕ್ಟೀರಿಯಾದಿಂದ ಮಲೇರಿಯಾ ಲಸಿಕೆ ಮಾಡ್ತಾರಂತೆ, ಸೂಜಿ ಬೇಡ, ಕುಡಿದರೆ ಸಾಕಂತೆ, ನಿಜಾನಾ? ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲೇ ಬೀಡುಬಿಟ್ಟರೆ ಏನು ಗತಿ?

ಅರ್ಧ ನಿಜ. ಲಸಿಕೆ ತಯಾರಿಸಿದ್ದು ಹೌದು. ಕುಡಿಯುವ ಮಾತು ಮಾತ್ರ ಇನ್ನೂ ಇಲಿಗಳನ್ನು ದಾಟಿಲ್ಲ. ಎಂಎಸ್ಸಿ ಪ್ರಾಜೆಕ್ಟಿಗೆ ಇದೇ ಬ್ಯಾಕ್ಟೀರಿಯಾ ಬೆಳೆಸಿದ್ದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಇದರ ಹೆಸರು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್. ಮೊಸರು, ಚೀಸ್ ಎರಡರಲ್ಲೂ ಇರುತ್ತೆ. ಸಾಕೋದು ಸುಲಭ: ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಸುವ ಈ. ಕೋಲೈ ಬ್ಯಾಕ್ಟೀರಿಯಾ ಥರ ರಾತ್ರಿಯಿಡೀ ಶೇಕರ್ ಮೇಲೆ ಕುಲುಕಬೇಕಿಲ್ಲ, 30 ಡಿಗ್ರಿಯಲ್ಲಿ ಬಾಟಲಿ ಸುಮ್ಮನೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಮೀಡಿಯಂ ಮಬ್ಬಾಗಿ ಹುಳಿ ಬಂದಿರುತ್ತೆ. ರೋಗ ತರುವ ಪರಾವಲಂಬಿಯ ಒಂದು ಜೀನ್ ಇದರೊಳಗೆ ಸೇರಿಸಿ, ಮಿಲಿಲೀಟರಿಗೆ ಕೆಲವೇ ನ್ಯಾನೋಗ್ರಾಂ ನೈಸಿನ್ ಹಾಕಿದರೆ ಆ ಜೀನಿನ ಪ್ರೋಟೀನ್ ತಯಾರಾಗೋಕೆ ಶುರು. (ಚೀಸ್ ಕೆಡದಿರಲಿ ಅಂತ ಹಾಕ್ತಾರಲ್ಲ, ಅದೇ ನೈಸಿನ್.) ಈ. ಕೋಲೈಯ ಹೊರಪದರದಲ್ಲಿ ಜ್ವರ ಬರಿಸುವ ಎಂಡೋಟಾಕ್ಸಿನ್ ಇರುತ್ತೆ, ಇದರಲ್ಲಿ ಆ ಕಾಟವೇ ಇಲ್ಲ.

ಡೆನ್ಮಾರ್ಕಿನ ಸ್ಟಾಟೆನ್ಸ್ ಸೀರಮ್ ಇನ್‌ಸ್ಟಿಟ್ಯೂಟಿನವರು ಇದೇ ಬ್ಯಾಕ್ಟೀರಿಯಾ ಬಳಸಿ ಜಿಎಂಜೆಡ್2 ಅನ್ನೋ ಮಲೇರಿಯಾ ಲಸಿಕೆ ಮಾಡಿದರು. ಆದರೆ ಅಲ್ಲಿ ಬ್ಯಾಕ್ಟೀರಿಯಾ ಬರೀ ಕಾರ್ಖಾನೆ. ಪ್ರೋಟೀನನ್ನು ಹೊರತೆಗೆದು, ಶುದ್ಧಮಾಡಿ, ಚುಚ್ಚಿಯೇ ಕೊಟ್ಟಿದ್ದು. ಬುರ್ಕಿನಾ ಫಾಸೊ, ಗಬಾನ್, ಘಾನಾ, ಉಗಾಂಡಾಗಳಲ್ಲಿ 1,800ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು: ರಕ್ಷಣೆ ಸುಮಾರು 14 ಶೇಕಡಾ. ನಿರಾಸೆಯೇ ಸರಿ. ಇದಕ್ಕೆ ಬ್ಯಾಕ್ಟೀರಿಯಾವನ್ನು ದೂರಿ ಪ್ರಯೋಜನವಿಲ್ಲ ಅಂತ ನನ್ನ ಅಭಿಪ್ರಾಯ. ಈ ಲಸಿಕೆಯ ಗುರಿ ರಕ್ತದಲ್ಲಿರುವ ಪರಾವಲಂಬಿ, ರಕ್ತಕ್ಕೆ ಇಳಿದಮೇಲೆ ಅದನ್ನು ಹಿಡಿಯೋದೇ ಕಷ್ಟ. ಡಬ್ಲ್ಯೂಎಚ್‌ಒ 2021ರಲ್ಲಿ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆ ಪರಾವಲಂಬಿಯನ್ನು ಪಿತ್ತಜನಕಾಂಗ ಸೇರುವ ಮೊದಲೇ ಅಡ್ಡಗಟ್ಟುತ್ತೆ. ಆ ಲಸಿಕೆಯ ಪ್ರೋಟೀನ್ ತಯಾರಾಗೋದು ಬ್ರೆಡ್ ಉಬ್ಬಿಸುವ ಜಾತಿಯ ಯೀಸ್ಟಿನಲ್ಲಿ!

ಇನ್ನು ಕುಡಿಯೋ ವಿಷಯ. ಜಿಯಾರ್ಡಿಯಾ ಕರುಳಲ್ಲೇ ಇರುವ ಪರಾವಲಂಬಿ, ಹಾಗಾಗಿ ಈ ದಾರಿ ಅದಕ್ಕೆ ಚೆನ್ನಾಗಿ ಒಪ್ಪುತ್ತೆ. ಅದರ ಸಿಸ್ಟ್‌ (ಮಲದಲ್ಲಿ ಹೊರಬರುವ ಗಟ್ಟಿ ಕವಚದ ರೂಪ) ಗೋಡೆಯ ಪ್ರೋಟೀನ್ ಹೊತ್ತ ಲ್ಯಾಕ್ಟೋಕಾಕಸ್ಸನ್ನು ಇಲಿಗಳಿಗೆ ಕುಡಿಸಿದಾಗ, ಅವು ಹೊರಹಾಕುವ ಸಿಸ್ಟ್‌ಗಳು ಕಡಿಮೆಯಾದವು. ಮರಳುನೊಣದಿಂದ ಹರಡುವ ಲೀಷ್ಮೇನಿಯಾ ಪರಾವಲಂಬಿಯ ವಿರುದ್ಧವೂ ಇಲಿಗಳಲ್ಲಿ ಸ್ವಲ್ಪಮಟ್ಟಿನ ರಕ್ಷಣೆ ಸಿಕ್ಕಿದೆ. ಮನುಷ್ಯರಲ್ಲಿ ತೊಡಕು ಜಾಸ್ತಿ. ಬಾಯಿಂದ ಬಂದದ್ದನ್ನೆಲ್ಲ ಊಟ ಅಂತ ಒಪ್ಪಿಕೊಂಡು ಸುಮ್ಮನಿರೋದು ಕರುಳಿನ ಸ್ವಭಾವ, ಅದರ ಮೇಲೆ ಜಠರದ ಆಮ್ಲ ಬೇರೆ. ಎಷ್ಟು ಪ್ರೋಟೀನ್ ಒಳಗೆ ತಲುಪಿತು ಅಂತ ಲೆಕ್ಕ ಹಿಡಿಯೋದೂ ಸಲೀಸಲ್ಲ. ಅಂದಹಾಗೆ, ಮನೆಯ ಮೊಸರಿನಲ್ಲಿ ಈ ಜೀನ್ ಯಾವುದೂ ಇರಲ್ಲ. ಅದನ್ನು ತಿಂದು ಸೊಳ್ಳೆಪರದೆ ಮಡಿಚಿಡಬೇಡಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ನೆಮ್ಮದಿಯದ್ದು. ಲ್ಯಾಕ್ಟಿಸ್ ನಮ್ಮ ಕರುಳಲ್ಲಿ ನೆಲೆಯೂರಲ್ಲ, ಹಾದುಹೋಗುತ್ತೆ. ಮಲದ ಜೊತೆ ಹೊರಗೆ ಬಂದು ಮಣ್ಣು, ನೀರಿನಲ್ಲಿ ಹರಡಿದರೆ ಅನ್ನೋದೇ ನಿಜವಾದ ಚಿಂತೆ. ಬೆಲ್ಜಿಯಂನ ಗೆಂಟ್‌ನಲ್ಲಿ ವಿಜ್ಞಾನಿಗಳು 2003ರಲ್ಲಿ ಇದಕ್ಕೊಂದು ಉಪಾಯ ತೋರಿಸಿದರು: ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ತಯಾರಿಸುವ ಜೀನನ್ನೇ ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಜೀನ್ ಕೂರಿಸಿದರು. ಥೈಮಿಡಿನ್ ಅಥವಾ ಥೈಮಿನ್ ಹೊರಗಿನಿಂದ ಸಿಗದಿದ್ದರೆ ಆ ಬ್ಯಾಕ್ಟೀರಿಯಾ ಡಿಎನ್‌ಎ ಕಟ್ಟಿಕೊಳ್ಳಲಾಗದೆ ಸಾಯುತ್ತೆ.