ಲಾವೋಸ್‌ನ ಕೈಸೋನ್ ಫೊಮ್‌ವಿಹಾನ್ ಯಾರು? ಕಾಡಿನಲ್ಲಿ ಸೈನ್ಯ ನಡೆಸಿದವರು ದೇಶವನ್ನೂ ಚೆನ್ನಾಗಿ ನಡೆಸಿದರಾ?

ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ. ಮೊದಲನೆಯದು ಸುಲಭ, ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ಕೈಸೋನ್ ಲಾವೋಸ್‌ನ ಕಮ್ಯುನಿಸ್ಟ್ ನಾಯಕ, 1975ರಿಂದ ಸಾಯೋವರೆಗೂ ದೇಶ ನಡೆಸಿದವರು. ಹುಟ್ಟಿದ್ದು 1920ರ ಡಿಸೆಂಬರ್ 13ರಂದು, ದಕ್ಷಿಣ ಲಾವೋಸ್‌ನ ಸವನ್ನಖೇತ್ ಪ್ರಾಂತ್ಯದಲ್ಲಿ. ಅಪ್ಪ ವಿಯೆಟ್ನಾಂ ಮೂಲದವರು, ಫ್ರೆಂಚ್ ಸರ್ಕಾರದ ಕಚೇರಿಯಲ್ಲಿ ಕೆಲಸ. ಅಮ್ಮ ಲಾವೋಸ್‌ನವರು. ಓದೋಕೆ ಹನೋಯ್‌ಗೆ ಹೋದರು, ಕಾನೂನು ಓದಲು ಶುರು ಮಾಡಿ ಅರ್ಧಕ್ಕೆ ಬಿಟ್ಟರು. ಆಮೇಲಿನ ಬದುಕೆಲ್ಲ ಹೋರಾಟವೇ: ಮೊದಲು ದೇಶ ಆಳುತ್ತಿದ್ದ ಫ್ರೆಂಚರ ವಿರುದ್ಧ, ಆಮೇಲೆ ಅಮೆರಿಕ ಬೆಂಬಲದ ರಾಜ ಸರ್ಕಾರದ ವಿರುದ್ಧ. 1949ರ ಜನವರಿ 20ರಂದು ಈಶಾನ್ಯದ ಹುವಾಫಾನ್ ಪ್ರಾಂತ್ಯದಲ್ಲಿ ಕೆಲವೇ ಜನರನ್ನು ಸೇರಿಸಿ ಲಾತ್ಸವೊಂಗ್ ಅನ್ನೋ ತುಕಡಿ ಕಟ್ಟಿದರು. ಲಾವೋಸ್ ಸೇನೆ ಇವತ್ತಿಗೂ ಆ ದಿನವನ್ನೇ ತನ್ನ ಹುಟ್ಟಿದ ದಿನ ಅಂತ ಆಚರಿಸುತ್ತದೆ. ಮುಂದಿನ ವರ್ಷ ಹೋರಾಟಗಾರರು ತಮ್ಮದೇ ಸರ್ಕಾರ ಮಾಡಿಕೊಂಡಾಗ ಇವರೇ ರಕ್ಷಣಾ ಮಂತ್ರಿ. 1955ರಲ್ಲಿ ಲಾವೋಸ್‌ನ ಕಮ್ಯುನಿಸ್ಟ್ ಪಕ್ಷ ಹುಟ್ಟಿದಾಗ ಅದರ ಮುಖ್ಯಸ್ಥರೂ ಇವರೇ, ಸಾಯೋವರೆಗೂ ಆ ಜಾಗ ಬಿಡಲಿಲ್ಲ.

ಇಷ್ಟಾದರೂ ಲಾವೋಸ್‌ನ ಹೆಚ್ಚಿನ ಜನರಿಗೆ 1975ರವರೆಗೆ ಇವರ ಹೆಸರೇ ಸರಿಯಾಗಿ ಗೊತ್ತಿರಲಿಲ್ಲ. ಹೊರಗೆ ಕಾಣಿಸಿಕೊಳ್ಳುತ್ತಿದ್ದವರು ರಾಜಮನೆತನದ ಸುಫನುವೋಂಗ್, 'ಕೆಂಪು ರಾಜಕುಮಾರ' ಅಂತ ಪತ್ರಿಕೆಗಳು ಬರೆಯುತ್ತಿದ್ದವಲ್ಲ, ಅವರು. ಮಾತುಕತೆಗೆ ಕೂರೋದು, ಫೋಟೋಗೆ ನಿಲ್ಲೋದು ಅವರ ಪಾಲು. ಸೈನ್ಯ ಮತ್ತು ಪಕ್ಷ ಕೈಸೋನ್ ಕೈಯಲ್ಲಿ. ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಪಾತ್ರವಿದೆ. ಫ್ರೆಂಚರ ಜೊತೆಗಿನ ಯುದ್ಧ ನಿಲ್ಲಿಸಿದ 1954ರ ಜಿನೀವಾ ಒಪ್ಪಂದ ಆದಮೇಲೆ ಲಾವೋಸ್‌ನಲ್ಲಿ ಕದನವಿರಾಮ ನೋಡಿಕೊಳ್ಳೋ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ, ಜೊತೆಗೆ ಕೆನಡಾ ಮತ್ತು ಪೋಲೆಂಡ್. ಆ ಒಪ್ಪಂದದಲ್ಲಿ ಹುವಾಫಾನ್ ಮತ್ತು ಫೊಂಗ್ಸಾಲಿ ಪ್ರಾಂತ್ಯಗಳು ಪಥೇಟ್ ಲಾವ್, ಅಂದರೆ ಕೈಸೋನ್ ಕಡೆಯ ಕಮ್ಯುನಿಸ್ಟ್ ಹೋರಾಟಗಾರರ, ಪಡೆಗಳು ಸೇರಿಕೊಳ್ಳೋ ಜಾಗಗಳಾದವು. ಆ ನೆಲೆ ಸಿಗದೇ ಇದ್ದಿದ್ದರೆ ಮುಂದಿನದು ಕಷ್ಟವಿತ್ತು ಅನ್ನೋದು ನನ್ನ ಲೆಕ್ಕ.

ಪಕ್ಕದ ವಿಯೆಟ್ನಾಂ ಯುದ್ಧದ ಜೊತೆಜೊತೆಗೇ 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ 20 ಲಕ್ಷ ಟನ್‌ಗಿಂತ ಜಾಸ್ತಿ ಬಾಂಬ್ ಸುರಿಯಿತು. ಒಂಬತ್ತು ವರ್ಷ, ಹಗಲು ರಾತ್ರಿ ಲೆಕ್ಕ ಹಾಕಿದರೆ ಸರಾಸರಿ 8 ನಿಮಿಷಕ್ಕೊಂದು ವಿಮಾನದಷ್ಟು. ಆ ಕಾಲದಲ್ಲಿ ಕೈಸೋನ್ ಮತ್ತು ಉಳಿದ ನಾಯಕರು ಇದ್ದದ್ದು ಹುವಾಫಾನ್‌ನ ವಿಯೆಂಗ್ ಸಾಯ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿ. ಸಾವಿರಾರು ಜನ ಅಲ್ಲೇ ಬದುಕುತ್ತಿದ್ದರು. ಗುಹೆಯೊಳಗೆ ಆಸ್ಪತ್ರೆ, ಶಾಲೆ, ಮುದ್ರಣಾಲಯ, ನಾಟಕ ಆಡೋಕೆ ಜಾಗ. ಹೊರಗೆ ಬಂದು ಗದ್ದೆ ಕೆಲಸ ಮಾಡೋದು ರಾತ್ರಿ ಹೊತ್ತು.

ನಾನು ಆ ಗುಹೆಗಳನ್ನು ನೋಡಿದ್ದೇನೆ. ಕೈಸೋನ್ ಅವರ ಗುಹೆಯಲ್ಲಿ ಒಂದು ಸಭೆಯ ಕೋಣೆ, ಮಲಗೋ ಕೋಣೆ, ಎಲ್ಲ ತೀರಾ ಸಾದಾ. ಒಳಗಿನ ಒಂದು ಕೋಣೆ ಮಾತ್ರ ಬೇರೆ ಥರ: ಸುತ್ತ ಕಾಂಕ್ರೀಟು, ದಪ್ಪ ಕಬ್ಬಿಣದ ಬಾಗಿಲು, ಒಳಗೆ ಕೈಯಿಂದ ತಿರುಗಿಸೋ ಸೋವಿಯತ್ ಗಾಳಿ ಯಂತ್ರ. ವಿಷಾನಿಲ ಬಿಟ್ಟರೆ ಬಾಗಿಲು ಹಾಕಿಕೊಂಡು ಹ್ಯಾಂಡಲ್ ತಿರುಗಿಸುತ್ತಾ ಕೂತಿರಬೇಕು ಅಂತ ಆ ವ್ಯವಸ್ಥೆ. ಇಂಥ ಜಾಗದಲ್ಲಿ ವರ್ಷಗಟ್ಟಲೆ ಇದ್ದು ದೇಶದ ಅಧಿಕಾರಕ್ಕೆ ಬಂದವರು ಯಾರನ್ನೂ ನಂಬದೇ ಇದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ಆದರೆ ಆ ಅಪನಂಬಿಕೆಗೆ ಬೆಲೆ ಕೊಟ್ಟವರು ಸಾಮಾನ್ಯ ಜನ.

1975ರ ಡಿಸೆಂಬರ್ 2ರಂದು ರಾಜಪ್ರಭುತ್ವ ಕೊನೆಯಾಯಿತು. ಸುಫನುವೋಂಗ್ ರಾಷ್ಟ್ರಾಧ್ಯಕ್ಷ, ಕೈಸೋನ್ ಪ್ರಧಾನಿ. ಹಳೇ ಸರ್ಕಾರದ ಅಧಿಕಾರಿಗಳು, ಸೈನಿಕರು ಸಾವಿರಾರು ಸಂಖ್ಯೆಯಲ್ಲಿ 'ಮರುಶಿಕ್ಷಣ' ಶಿಬಿರ ಸೇರಿದರು, ಎಷ್ಟೋ ಜನ ವರ್ಷಾನುಗಟ್ಟಲೆ ಮನೆ ಕಾಣಲಿಲ್ಲ. 1977ರಲ್ಲಿ ಮಾಜಿ ರಾಜ ಸವಾಂಗ್ ವಟ್ಠಾನಾ, ರಾಣಿ, ಯುವರಾಜ ಮೂವರನ್ನೂ ಅದೇ ಹುವಾಫಾನ್ ಕಡೆಗೆ ಕಳಿಸಿದರು. ಅವರು ತಿರುಗಿ ಬರಲೇ ಇಲ್ಲ. ರಾಜ ತೀರಿಕೊಂಡರು ಅಂತ ಕೈಸೋನ್ ಬಾಯಿಬಿಟ್ಟು ಹೇಳಿದ್ದು 1989ರಲ್ಲಿ, ಅದೂ ಪ್ಯಾರಿಸ್‌ಗೆ ಹೋದಾಗ. ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಬ್ಬರಷ್ಟು ಜನ ದೇಶ ಬಿಟ್ಟರು, ಬಹಳಷ್ಟು ಮಂದಿ ಮೆಕಾಂಗ್ ನದಿ ದಾಟಿ ಥಾಯ್ಲೆಂಡ್‌ಗೆ. ಡಾಕ್ಟರು, ಮೇಷ್ಟ್ರು, ಇಂಜಿನಿಯರು ಇಲ್ಲದೆ ಒಂದು ದೇಶ ನಡೆಯೋದು ಹೇಗೆ? ಇದನ್ನು ಯುದ್ಧದ ಕಾಲ ಅಂತ ತಳ್ಳಿಹಾಕೋಕೆ ನನ್ನಿಂದ ಆಗಲ್ಲ. ಯುದ್ಧ ಆಗಲೇ ಮುಗಿದಿತ್ತು.

ಈಗ ರೈತರ ವಿಷಯ, ಕೈಸೋನ್ ಅವರನ್ನು ಅಳೆಯೋಕೆ ನನಗೆ ಇದೇ ಮುಖ್ಯ. 1978ರಲ್ಲಿ ಸಹಕಾರಿ ಬೇಸಾಯದ ಆಂದೋಲನ ಜೋರಾಗಿ ಶುರುವಾಯಿತು: ಹೊಲ, ಎಮ್ಮೆ, ಉಪಕರಣ ಎಲ್ಲ ಒಟ್ಟಿಗೆ ಹಾಕಿ, ಎಲ್ಲರೂ ಕೂಡಿ ದುಡಿಯಿರಿ ಅಂತ. ಅದಕ್ಕೆ ಮುಂಚೆ ಬರ ಬಂದಿತ್ತು, ಆ ವರ್ಷವೇ ನೆರೆಯೂ ಬಂತು. ಒಂದೇ ವರ್ಷದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಂಘಗಳಾದವು, ಆದರೆ ಸುಮಾರು ಕಡೆ ಬರೀ ಕಾಗದದ ಮೇಲೆ. ತಮ್ಮ ಎಮ್ಮೆ ಸಂಘಕ್ಕೆ ಹೋಗೋದು ಬೇಡ ಅಂತ ಅದನ್ನು ಕಡಿದು ಹಾಕಿದ ರೈತರಿದ್ದರು, ಗದ್ದೆ ಬಿಟ್ಟು ನದಿ ದಾಟಿದವರೂ ಇದ್ದರು. ಉಳುಮೆಗೆ ಎಮ್ಮೆಯನ್ನೇ ನಂಬಿದ ಮನುಷ್ಯ ಆ ಕೆಲಸ ಮಾಡಬೇಕಾದರೆ ಎಷ್ಟು ಹತಾಶನಾಗಿರಬೇಕು, ಯೋಚಿಸಿ.

1979ರ ಮಧ್ಯದಲ್ಲಿ ಆಂದೋಲನ ನಿಂತಿತು. ಅದೇ ವರ್ಷದ ಕೊನೆಗೆ ಕೈಸೋನ್ ಉದ್ದನೆಯ ಭಾಷಣದಲ್ಲಿ ಖಾಸಗಿ ವ್ಯಾಪಾರಕ್ಕೆ ದಾರಿ ಬಿಟ್ಟರು. 1986ರಲ್ಲಿ 'ಹೊಸ ಆರ್ಥಿಕ ವ್ಯವಸ್ಥೆ' ಬಂತು, ಬೆಲೆಗಳನ್ನು ಮಾರುಕಟ್ಟೆಗೆ ಬಿಟ್ಟರು, ಹೊರದೇಶದ ಬಂಡವಾಳಕ್ಕೆ ಬಾಗಿಲು ತೆರೆಯಿತು. ಜೀವಮಾನವೆಲ್ಲ ಒಂದು ಸಿದ್ಧಾಂತಕ್ಕೆ ಹೋರಾಡಿದವರು, ಕೈಯಲ್ಲಿ ಪೂರ್ತಿ ಅಧಿಕಾರ ಇದ್ದಾಗಲೂ, ಇದು ನಡೆಯಲ್ಲ ಅಂತ ನೋಡಿ ಒಂದೇ ವರ್ಷದಲ್ಲಿ ಹಿಂದೆ ಸರಿದರು. ಅದೇ ಕಾಲದಲ್ಲಿ ಪೋಲ್ ಪಾಟ್ ಆಡಳಿತ ಇಂಥದ್ದೇ ಹಟದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಕಾಂಬೋಡಿಯಾ ನೋಡಿದರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಈ ಗೌರವ ನಾನು ಮನಸಾರೆ ಕೊಡುತ್ತೇನೆ. ಹೊಲದಲ್ಲಿ ಕೊಟ್ಟ ಸಡಿಲಿಕೆಯನ್ನು ರಾಜಕೀಯದಲ್ಲಿ ಕೊಡಲಿಲ್ಲ ಅನ್ನೋದೂ ಅಷ್ಟೇ ನಿಜ. ಬೇರೆ ಪಕ್ಷಕ್ಕೆ ಅಲ್ಲಿ ಆಗಲೂ ಜಾಗ ಇರಲಿಲ್ಲ, ಈಗಲೂ ಇಲ್ಲ. ವಿಯೆಟ್ನಾಂ ಜೊತೆಗಿನ ನಂಟೂ ಬಿಗಿಯಾಗೇ ಉಳಿಯಿತು. ಅವರ ಸೈನ್ಯದ ಬೆಂಬಲ ಇಲ್ಲದೆ ಪಥೇಟ್ ಲಾವ್ ಗೆಲ್ಲುತ್ತಿತ್ತು ಅಂತ ನನಗಂತೂ ಅನ್ನಿಸಲ್ಲ.

ವೈಯಕ್ತಿಕವಾಗಿ ಆಡಂಬರ ಇರಲಿಲ್ಲ. ರಾಜಧಾನಿ ವಿಯೆಂಟಿಯಾನ್ ಹೊರವಲಯದಲ್ಲಿ 'ಕಿಲೋಮೀಟರ್ 6' ಅನ್ನೋ ಜಾಗದಲ್ಲಿ, ಅಮೆರಿಕನ್ನರು ತಮ್ಮ ಸಿಬ್ಬಂದಿಗೆ ಕಟ್ಟಿಸಿದ್ದ ಮನೆಗಳ ಪೈಕಿ ಒಂದರಲ್ಲಿ ಇದ್ದರು. 1991ರಲ್ಲಿ ರಾಷ್ಟ್ರಾಧ್ಯಕ್ಷರಾದರು, 1992ರ ನವೆಂಬರ್ 21ರಂದು ತೀರಿಕೊಂಡರು. ಲಾವೋಸ್‌ನ ದೊಡ್ಡ ನೋಟುಗಳ ಮೇಲೆ ಇರೋದು ಇವರದೇ ಚಿತ್ರ. ಪಕ್ಷದ ನಾಯಕತ್ವ ಹೋಗಿದ್ದು ಇನ್ನೊಬ್ಬ ಸೇನಾ ಕಮಾಂಡರ್ ಖಾಮ್ತಾಯ್ ಸಿಫಾಂಡೋನ್‌ಗೆ. ಅವರು 2006ರವರೆಗೆ ಆ ಜಾಗದಲ್ಲಿದ್ದು, 2025ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೂ ಓದಬೇಕು ಅನ್ನಿಸಿದರೆ ಗುಹೆಯ ಸಾಹಸಗಳಿಂದ ಶುರು ಮಾಡಬೇಡಿ, 1975ರಿಂದ 79ರವರೆಗಿನ ನಾಲ್ಕು ವರ್ಷ ಮೊದಲು ಓದಿ. ನಿಮ್ಮ ಎರಡನೇ ಪ್ರಶ್ನೆಗೆ ಬೇಕಾದ್ದೆಲ್ಲ ಅಲ್ಲೇ ಇದೆ.